7 ಮ್ಯಾಚ್‌ಗೆ 1 ಪಾಯಿಂಟ್ ಇದ್ದ ಫಾರೆಸ್ಟ್ ಅದೇ ವರ್ಷ ಮೇಲೆ ಹೋಗಿದ್ದು ಹೇಗೆ? ಬರೀ ಕೋಚ್ ಬದಲಾಗಿದ್ದಕ್ಕಾ?

ಲೆಫ್ಟ್‌ಬ್ಯಾಕ್_ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ. ಇಂಗ್ಲಿಷ್ ಫುಟ್‌ಬಾಲ್‌ನ ಹಳೇ ಸೀಸನ್‌ಗಳನ್ನು ಬಲ್ಲವರು ಯಾರಾದರೂ ಇದ್ದರೆ ಸ್ವಲ್ಪ ತಿಳಿಸಿ. 2021-22ರಲ್ಲಿ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಮೊದಲ 7 ಲೀಗ್ ಮ್ಯಾಚ್‌ಗಳಲ್ಲಿ 6 ಸೋತು, 1 ಡ್ರಾ ಮಾಡಿಕೊಂಡು ಚಾಂಪಿಯನ್‌ಶಿಪ್ (ಪ್ರೀಮಿಯರ್ ಲೀಗ್‌ನ ಕೆಳಗಿನ ಎರಡನೇ ಹಂತದ ಲೀಗ್) ಟೇಬಲ್‌ನ ತಳದಲ್ಲಿ ಕೂತಿತ್ತು. ಅದೇ ತಂಡ ಮುಂದಿನ ಮೇ ತಿಂಗಳಲ್ಲಿ ವೆಂಬ್ಲಿಯಲ್ಲಿ ಗೆದ್ದು ಪ್ರೀಮಿಯರ್ ಲೀಗ್‌ಗೆ ಹೋಯಿತು. ಇಷ್ಟು ಗೊತ್ತು. ನಡುವೆ ಏನಾಯಿತು ಅನ್ನೋದು ಗೊತ್ತಿಲ್ಲ. ನಾನು ಇಂಗ್ಲಿಷ್ ಲೀಗ್ ನೋಡೋಕೆ ಶುರು ಮಾಡಿದ್ದೇ ಆಮೇಲೆ.

ಈಗ ಯಾಕೆ ಕೇಳುತ್ತಿದ್ದೇನೆ ಅಂದರೆ ನಮ್ಮ ವಾಟ್ಸಾಪ್ ಗ್ರೂಪ್‌ನಲ್ಲಿ ಇದೇ ಜಗಳ ನಡೆದಿದೆ. ವಿದ್ಯಾನಗರ, ಕೇಶ್ವಾಪುರ ಕಡೆಯ ಹುಡುಗರು ಸೇರಿ ಏಳು ಜನರ ತಂಡ ಕಟ್ಟಿಕೊಂಡು ಟರ್ಫ್ ಲೀಗ್ ಆಡುತ್ತೇವೆ. ಈ ಸಲ ಒಂದೂ ಗೆದ್ದಿಲ್ಲ. ಹಾಗಂತ ಹೀನಾಯವಾಗಿ ಸೋತಿಲ್ಲ, ಪ್ರತಿ ಸಲ ಒಂದೇ ಗೋಲ್, ಕೊನೇ ಐದು ನಿಮಿಷದಲ್ಲಿ ಏನೋ ಒಂದು ಎಡವಟ್ಟು. ನಮಗೆ ಹೇಳಿಕೊಡುವವರು ಒಬ್ಬರು ಹಿರಿಯರು, ನೌಕರಿಯಿಂದ ರಿಟೈರ್ ಆದವರು, ಒಂದು ರೂಪಾಯಿ ತಗೊಳ್ಳಲ್ಲ. ಎಲ್ಲರೂ ಕಾಕಾ ಅಂತ ಕರೆಯುತ್ತೇವೆ. ಮೊನ್ನೆ ಒಬ್ಬ ಗ್ರೂಪ್‌ನಲ್ಲಿ ಫಾರೆಸ್ಟ್ ಫೋಟೋ ಹಾಕಿ "ಕೋಚ್‌ನ ತೆಗೆದ ಮೇಲೆ ಎಲ್ಲಿಗೆ ಹೋದರು ನೋಡ್ರಿ" ಅಂತ ಬರೆದ. ಅದಕ್ಕೆ ಹೆಬ್ಬೆರಳ ಮೇಲೆ ಹೆಬ್ಬೆರಳು. ಕಾಕಾ ಅದೇ ಗ್ರೂಪ್‌ನಲ್ಲಿ ಇದ್ದಾರೆ ಅನ್ನೋದು ಯಾರಿಗೂ ನೆನಪಿಲ್ಲ.

ನನಗೆ ಯಾಕೋ ಸರಿ ಅನ್ನಿಸುತ್ತಿಲ್ಲ. ಆದರೆ ವಾದ ಮಾಡೋಕೆ ಕೈಯಲ್ಲಿ ಏನೂ ಇಲ್ಲ. ನಿಜವಾಗಲೂ ಕೋಚ್ ಬದಲಾಗಿದ್ದಕ್ಕೇ ಆ ತಂಡ ಎದ್ದು ಕೂತಿತಾ? ಗೊತ್ತಿದ್ದವರು ಹೇಳಿ.

ಧಾರವಾಡ_ಟ್ರೆಂಟ್

ತಮ್ಮಾ, ಆ ಫೋಟೋ ಹಾಕಿದವನಿಗೆ ಅರ್ಧ ಕಥೆ ಮಾತ್ರ ಗೊತ್ತು. ಉದ್ದ ಆಗುತ್ತೆ, ಚಹಾ ಇಟ್ಟುಕೊಂಡು ಓದು.

ಮೊದಲು ತೆಗೆದುಹಾಕಿದ ಕೋಚ್ ಬಗ್ಗೆ. ಕ್ರಿಸ್ ಹ್ಯೂಟನ್ ಸುಮ್ನೆ ಯಾರೋ ಅಲ್ಲ, 2017ರಲ್ಲಿ ಬ್ರೈಟನ್ ತಂಡವನ್ನು ಪ್ರೀಮಿಯರ್ ಲೀಗ್‌ಗೆ ಹತ್ತಿಸಿದವರು. ಆ 7 ಮ್ಯಾಚ್‌ಗಳ ಸ್ಕೋರ್ ಒಮ್ಮೆ ನೋಡು. ಕವೆಂಟ್ರಿ ಎದುರು 1-2, ಬೋರ್ನ್‌ಮತ್ ಎದುರು 1-2, ಬ್ಲ್ಯಾಕ್‌ಬರ್ನ್ ಎದುರು 1-2, ಸ್ಟೋಕ್ ಎದುರು 0-1, ಡರ್ಬಿ ಜೊತೆ 1-1, ಕಾರ್ಡಿಫ್ ಎದುರು 1-2, ಕೊನೆಗೆ ಮಿಡಲ್ಸ್‌ಬ್ರೋ ಎದುರು 0-2. 6 ಸೋಲಲ್ಲಿ 5 ಒಂದೇ ಗೋಲ್ ಅಂತರದವು. ಕವೆಂಟ್ರಿ ಮ್ಯಾಚ್ ಅಂತೂ ಇಂಜುರಿ ಟೈಮ್‌ನಲ್ಲಿ ಕೈಬಿಟ್ಟು ಹೋಯಿತು. ಟೇಬಲ್ ನೋಡಿದರೆ ಸತ್ತ ತಂಡ, ಮ್ಯಾಚ್ ನೋಡಿದರೆ ಅಷ್ಟು ಕೆಟ್ಟಿರಲಿಲ್ಲ. ನಿಮ್ಮ ತಂಡದ ವಿಷಯ ಓದಿದಾಗ ನನಗೆ ಮೊದಲು ಹೊಳೆದದ್ದು ಇದೇ.

ಎರಡನೇದು ಜನ ಮರೆಯೋ ವಿಷಯ. ಜೇಮ್ಸ್ ಗಾರ್ನರ್, ಜೆಡ್ ಸ್ಪೆನ್ಸ್, ಮ್ಯಾಕ್ಸ್ ಲೋ, ಈ ಮೂವರೂ ಲೋನ್ ಮೇಲೆ, ಅಂದರೆ ಬೇರೆ ಕ್ಲಬ್‌ನಿಂದ ಸ್ವಲ್ಪ ಕಾಲಕ್ಕೆ ಎರವಲಾಗಿ ಬಂದಿದ್ದು ಆಗಸ್ಟ್ ತಿಂಗಳು ಮುಗಿಯುವ ಹೊತ್ತಿಗೆ, ಟ್ರಾನ್ಸ್‌ಫರ್ ಕಿಟಕಿ (ಆಟಗಾರರನ್ನು ತರೋಕೆ ಇರುವ ಅವಧಿ) ಮುಚ್ಚುವ ಗಳಿಗೆಯಲ್ಲಿ. ಅಷ್ಟರಲ್ಲಿ ಹ್ಯೂಟನ್ 5 ಮ್ಯಾಚ್ ಆಡಿ ಮುಗಿಸಿದ್ದರು. ಇವರನ್ನೆಲ್ಲ ಸರಿಯಾಗಿ ಕೂರಿಸಿಕೊಳ್ಳೋಕೆ ಅವರಿಗೆ ಎರಡೇ ಮ್ಯಾಚ್ ಸಿಕ್ಕಿದ್ದು, ಸೆಪ್ಟೆಂಬರ್ 16ಕ್ಕೆ ಮನೆಗೆ ಕಳಿಸಿದರು. ಇನ್ನೂ ಒಂದು ತಮಾಷೆ ಇದೆ. ಮೊದಲ ಗೆಲುವು ಬಂದಾಗ ಹೊಸ ಕೋಚ್ ಇನ್ನೂ ಬಂದೇ ಇರಲಿಲ್ಲ. ಸ್ಟೀವನ್ ರೀಡ್ ಅಂತ ಸ್ಟಾಫ್‌ನಲ್ಲೇ ಇದ್ದವರು ಒಂದು ಮ್ಯಾಚ್ ನೋಡಿಕೊಂಡರು, ಹಡರ್ಸ್‌ಫೀಲ್ಡ್ ಊರಿಗೆ ಹೋಗಿ 2-0 ಗೆದ್ದು ಬಂದರು. ಸ್ಟೀವ್ ಕೂಪರ್ ನೇಮಕ ಆಗಿದ್ದು ಸೆಪ್ಟೆಂಬರ್ 21ಕ್ಕೆ.

ಹಾಗಾದರೆ ಕೂಪರ್ ಏನೂ ಮಾಡಲಿಲ್ಲವಾ? ಮಾಡಿದರು, ಬಹಳ ಮಾಡಿದರು. ಆದರೆ ಮಾಡಿದ್ದು ಭಾಷಣ ಅಲ್ಲ. ಹಿಂದೆ ನಾಲ್ವರ ಬದಲು ಮೂವರನ್ನು ನಿಲ್ಲಿಸಿದರು. ನೋಡೋಕೆ ಸಣ್ಣ ಬದಲಾವಣೆ, ಆದರೆ ಅದರಿಂದ ಇಡೀ ತಂಡ ತಿರುಗಿತು. ಜೋ ವೊರಲ್, ಸ್ಕಾಟ್ ಮೆಕೆನ್ನಾ, ಜೊತೆಗೆ ಮೊದಲು ಫಿಗೆರೆಡೊ, ಜನವರಿಯಿಂದ ಸ್ಟೀವ್ ಕುಕ್. ಹಿಂದೆ ಮೂವರು ಇದ್ದಾರೆ ಅಂದಮೇಲೆ ಬಲಗಡೆ ಸ್ಪೆನ್ಸ್‌ಗೆ ಹಿಂದೆ ನೋಡುವ ಚಿಂತೆ ಇಲ್ಲ. ಇಡೀ ಲೈನ್ ಅವನದೇ. ಮಿಡಲ್ಸ್‌ಬ್ರೋದವರು ಬೇಡ ಅಂತ ಲೋನ್‌ಗೆ ಕಳಿಸಿದ ಹುಡುಗ ಇವನು. ಚೆಂಡು ಸಿಕ್ಕ ತಕ್ಷಣ ಹೊರಗಡೆ ಹೋಗುವ ಹಾಗೆ ತೋರಿಸಿ ಒಳಗೆ ಕತ್ತರಿಸುತ್ತಿದ್ದ, ಎದುರಿನ ಡಿಫೆಂಡರ್ ಕಾಲು ಅಡ್ಡಾದಿಡ್ಡಿ. ನಡುವೆ ರಯಾನ್ ಯೇಟ್ಸ್ ಓಡಾಡಿ ಚೆಂಡು ಕಿತ್ತುಕೊಳ್ಳೋದು, ಗಾರ್ನರ್ ಅದನ್ನು ಜಾಣತನದಿಂದ ಹಂಚೋದು. ಮುಂದೆ ಜಿಂಕರ್‌ನೇಗಲ್, ಅವನ ಮುಂದೆ ಬ್ರೆನನ್ ಜಾನ್ಸನ್. ಈ ಜಾನ್ಸನ್ ಫಾರೆಸ್ಟ್ ಅಕಾಡೆಮಿಯಲ್ಲೇ ಬೆಳೆದವನು, ಅವನ ಅಪ್ಪ ಡೇವಿಡ್ ಜಾನ್ಸನ್ ಕೂಡ ಇದೇ ಕ್ಲಬ್‌ಗೆ ಆಡಿದವರು. ರೆಕ್ಕೆ ಕಡೆ ಅಂಟಿಕೊಂಡಿದ್ದವನನ್ನು ಗೋಲ್ ಹತ್ತಿರ ತಂದು ನಿಲ್ಲಿಸಿದರು ನೋಡು, ಆಮೇಲೆ ಅವನನ್ನು ಹಿಡಿಯೋಕೆ ಆಗಲಿಲ್ಲ.

ಒಂದೇ ಸಲಕ್ಕೆ ಮ್ಯಾಜಿಕ್ ಆಗಲಿಲ್ಲ ಅನ್ನೋದನ್ನೂ ಹೇಳಬೇಕು. ಕೂಪರ್‌ರ ಮೊದಲ ಮ್ಯಾಚ್ ಮಿಲ್‌ವಾಲ್ ಜೊತೆ 1-1. ಆಮೇಲೆ ಸಾಲು ಗೆಲುವು. ಅದರಲ್ಲಿ ಬ್ರಿಸ್ಟಲ್ ಸಿಟಿ ಮ್ಯಾಚ್ ನೋಡಬೇಕು, 90 ನಿಮಿಷ ಮುಗಿದಾಗ 0-1 ಹಿಂದೆ, ಇಂಜುರಿ ಟೈಮ್‌ನಲ್ಲಿ ಲೈಲ್ ಟೇಲರ್ ಎರಡು ಗೋಲ್ ಹೊಡೆದ. ಅದಾದ ಐದೇ ದಿನಕ್ಕೆ ಫುಲ್ಹಮ್ ತಂಡ ಬಂದು ಇವರ ಮನೆಯಲ್ಲೇ 4-0 ಬಾರಿಸಿ ಹೋಯಿತು. ಆದರೂ ಕೂಪರ್ ಆಟದ ರೀತಿ ಬದಲಿಸಲಿಲ್ಲ. ನಿನ್ನ ಗೆಳೆಯರಿಗೆ ಇದನ್ನು ಹೇಳು.

ಜನವರಿಯಲ್ಲಿ ಎಫ್‌ಎ ಕಪ್‌ನಲ್ಲಿ (ಲೀಗ್‌ನಿಂದ ಬೇರೆಯಾದ ನಾಕೌಟ್ ಟೂರ್ನಿ) ಆರ್ಸೆನಲ್ ತಂಡವನ್ನು 1-0, ಫೆಬ್ರವರಿಯಲ್ಲಿ ಹಾಲಿ ಕಪ್ ಚಾಂಪಿಯನ್ ಲೆಸ್ಟರ್ ತಂಡವನ್ನು 4-1 ಸೋಲಿಸಿದರು. ಲೆಸ್ಟರ್ ಪಕ್ಕದ ಊರು, ಹಳೇ ಹಗೆ. ಆ ದಿನ ಫಾರೆಸ್ಟ್‌ನ ಮನೆ ಮೈದಾನ ಸಿಟಿ ಗ್ರೌಂಡ್‌ನ ಗದ್ದಲ ಕೇಳಿದರೆ ಮೈ ಜುಮ್ ಅನ್ನುತ್ತೆ. ಮುಂದೆ ಕ್ವಾರ್ಟರ್ ಫೈನಲ್‌ನಲ್ಲಿ ಲಿವರ್‌ಪೂಲ್‌ಗೆ 0-1 ಸೋತರು, ಅದೂ 78ನೇ ನಿಮಿಷದವರೆಗೆ ತಡೆದು.

ಲೀಗ್‌ನಲ್ಲಿ ಕೊನೆಗೆ 80 ಪಾಯಿಂಟ್, 4ನೇ ಸ್ಥಾನ. 7 ಮ್ಯಾಚ್‌ಗೆ 1 ಅಂದರೆ ಉಳಿದ 39 ಮ್ಯಾಚ್‌ಗಳಲ್ಲಿ 79 ಪಾಯಿಂಟ್, ಲೆಕ್ಕ ನೀನೇ ಹಾಕು.

ಲೆಫ್ಟ್‌ಬ್ಯಾಕ್_ಹುಬ್ಬಳ್ಳಿ

ಅಣ್ಣಾರ, ಸೂಪರ್. 5 ಸೋಲು ಒಂದೊಂದೇ ಗೋಲ್ ಅಂತರ ಅನ್ನೋದು ಗೊತ್ತೇ ಇರಲಿಲ್ಲ. ಒಂದು ಡೌಟು. 4ನೇ ಸ್ಥಾನ ಬಂದರೆ ಸಾಕಾ ಮೇಲೆ ಹೋಗೋಕೆ?

ಧಾರವಾಡ_ಟ್ರೆಂಟ್

ಸಾಕಾಗಲ್ಲ. ಆ ಸೀಸನ್‌ನ ನಿಯಮ ಹೀಗಿತ್ತು: 24 ತಂಡ, ತಲಾ 46 ಮ್ಯಾಚ್. ಮೊದಲ ಇಬ್ಬರು ನೇರ ಪ್ರೀಮಿಯರ್ ಲೀಗ್‌ಗೆ. 3ರಿಂದ 6ರವರೆಗಿನ ನಾಲ್ವರಿಗೆ ಪ್ಲೇ-ಆಫ್. ಸೆಮಿಫೈನಲ್ ಎರಡೆರಡು ಮ್ಯಾಚ್, ಫೈನಲ್ ವೆಂಬ್ಲಿಯಲ್ಲಿ ಒಂದೇ, ಅದನ್ನು ಗೆದ್ದವರು ಮೇಲೆ. ಆ ವರ್ಷ ಫುಲ್ಹಮ್ ಚಾಂಪಿಯನ್, ಬೋರ್ನ್‌ಮತ್ ಎರಡನೇದು. ಮೇ 3ಕ್ಕೆ ಫಾರೆಸ್ಟ್ ಬೋರ್ನ್‌ಮತ್‌ಗೆ ಹೋಗಿ ಗೆದ್ದಿದ್ದರೆ ನೇರವಾಗಿ ಹೋಗುವ ದಾರಿ ತೆರೆದೇ ಇರುತ್ತಿತ್ತು, 0-1 ಸೋತರು. ಬೇರೆ ತಂಡ ಆಗಿದ್ದರೆ ಅಲ್ಲೇ ಕುಸಿಯುತ್ತಿತ್ತು.

ಗದಗ_ಪಿಟಿ_ಮಾಸ್ತರ್

ಧಾರವಾಡದವರು ಚೆನ್ನಾಗಿ ಬರೆದಿದ್ದಾರೆ, ಆದರೆ ಅಭಿಮಾನಿ ಕಣ್ಣಿಂದ ಬರೆದಿದ್ದಾರೆ. ನಾನು ಸ್ವಲ್ಪ ತಣ್ಣೀರು ಹಾಕುತ್ತೇನೆ, ಬೇಜಾರಾಗಬೇಡಿ.

ಒಂದು, ಆ ತಂಡದ ಅರ್ಧ ಬೆನ್ನೆಲುಬು ಬೇರೆಯವರದು. ಸ್ಪೆನ್ಸ್ ಮಿಡಲ್ಸ್‌ಬ್ರೋದವನು, ಗಾರ್ನರ್ ಮ್ಯಾಂಚೆಸ್ಟರ್ ಯುನೈಟೆಡ್‌ನವನು, ಜಿಂಕರ್‌ನೇಗಲ್ ವ್ಯಾಟ್‌ಫರ್ಡ್‌ನವನು, ಲೋ ಶೆಫೀಲ್ಡ್ ಯುನೈಟೆಡ್‌ನವನು, ಜನವರಿಯಲ್ಲಿ ಬಂದ ಕೀನನ್ ಡೇವಿಸ್ ಆಸ್ಟನ್ ವಿಲ್ಲಾದವನು. ಒಟ್ಟು 5 ಜನ. ಸೀಸನ್ ಮುಗಿದ ಮರುದಿನ ಇವರೆಲ್ಲ ಗಂಟು ಮೂಟೆ ಕಟ್ಟಿದರು. ಇದಕ್ಕೆ ಚೇತರಿಕೆ ಅನ್ನಬೇಕೋ, ಬಾಡಿಗೆ ಮನೆಗೆ ಸುಣ್ಣ ಹೊಡೆದಿದ್ದು ಅನ್ನಬೇಕೋ ನೀವೇ ಹೇಳಿ. ಮುಂದಿನ ಬೇಸಿಗೆಯಲ್ಲಿ ಫಾರೆಸ್ಟ್ 20ಕ್ಕಿಂತ ಜಾಸ್ತಿ ಆಟಗಾರರನ್ನು ತಂದಿದ್ದು ಹುಚ್ಚು ಅಂತ ಜಗತ್ತೇ ನಕ್ಕಿತು. ಆದರೆ ತಂಡವೇ ಖಾಲಿಯಾಗಿದ್ದಾಗ ಇನ್ನೇನು ಮಾಡುತ್ತಾರೆ?

ಎರಡು, ಅದೃಷ್ಟ. ಸೆಮಿಫೈನಲ್ ಪೆನಾಲ್ಟಿಯಲ್ಲಿ ಗೆದ್ದರು. ಫೈನಲ್‌ನಲ್ಲಿ ಬಿದ್ದ ಒಂದೇ ಗೋಲ್ ಇವರು ಹೊಡೆದಿದ್ದಲ್ಲ. 43ನೇ ನಿಮಿಷದಲ್ಲಿ ಗಾರ್ನರ್ ಹಾಕಿದ ಚೆಂಡು ಹಡರ್ಸ್‌ಫೀಲ್ಡ್‌ನ ಲೀವೈ ಕೋಲ್‌ವಿಲ್‌ಗೆ ತಾಗಿ ಒಳಗೆ ಹೋಯಿತು. ಅವನೂ ಚೆಲ್ಸಿಯಿಂದ ಲೋನ್ ಮೇಲೆ ಬಂದ ಹುಡುಗ, ಪಾಪ. ಸೆಕೆಂಡ್ ಹಾಫ್‌ನಲ್ಲಿ ಹಡರ್ಸ್‌ಫೀಲ್ಡ್‌ನ ಹ್ಯಾರಿ ಟೊಫೊಲೊ ಬಾಕ್ಸ್ ಒಳಗೆ ಬಿದ್ದ. ಪೆನಾಲ್ಟಿ ಕೊಡೋದು ಬಿಟ್ಟು ನಾಟಕ ಮಾಡಿದೆ ಅಂತ ಅವನಿಗೇ ಹಳದಿ ಕಾರ್ಡ್. ರೀಪ್ಲೇ ನೋಡಿದರೆ ಕಾಲು ತಾಗಿದ ಹಾಗೆ ಕಾಣುತ್ತೆ, ವಿಎಆರ್ (ವಿಡಿಯೋ ನೋಡಿ ಹೇಳುವ ರೆಫರಿ) ಸುಮ್ಮನಿತ್ತು. ಆಮೇಲೆ ಲೂಯಿಸ್ ಓಬ್ರಿಯನ್ ಬಿದ್ದ, ಅದಕ್ಕೂ ಇಲ್ಲ. ನಾನು ರೆಫರಿ ಕೆಲಸವನ್ನೂ ಮಾಡಿದವನು, ಟೊಫೊಲೊದ್ದು ನಾನಾಗಿದ್ದರೆ ಕೊಡುತ್ತಿದ್ದೆ. ಎರಡು ತಿಂಗಳು ಕಳೆಯುವಷ್ಟರಲ್ಲಿ ಆ ಟೊಫೊಲೊ, ಓಬ್ರಿಯನ್ ಇಬ್ಬರನ್ನೂ ಫಾರೆಸ್ಟ್‌ನವರೇ ಕೊಂಡುಕೊಂಡರು ಅನ್ನೋದು ಬೇರೆ ಮಜಾ.

ಆ ಒಂದು ಮ್ಯಾಚ್‌ನ ಬೆಲೆ 17 ಕೋಟಿ ಪೌಂಡ್‌ಗಿಂತ ಜಾಸ್ತಿ ಅಂತ ಆಗ ಅಂದಾಜು ಹಾಕಿದ್ದರು. ಒಂದು ವಿಸಿಲ್ ಮೇಲೆ ನಿಂತ ದುಡ್ಡು ಅದು. ಆದ್ದರಿಂದ ಹುಬ್ಬಳ್ಳಿ ಹುಡುಗನಿಗೆ ನನ್ನ ಮಾತು ಇಷ್ಟೇ, ಕೋಚ್ ತೆಗೆದಿದ್ದಕ್ಕೆ ಗೆದ್ದರು ಅನ್ನೋದೂ ತಪ್ಪು, ಕೋಚ್ ತಂದಿದ್ದಕ್ಕೆ ಗೆದ್ದರು ಅನ್ನೋದೂ ಪೂರ್ತಿ ಸರಿ ಅಲ್ಲ.

ಧಾರವಾಡ_ಟ್ರೆಂಟ್

ಮಾಸ್ತರ್, ಅದೃಷ್ಟ ಒಪ್ಪಿದೆ, ಟೊಫೊಲೊ ವಿಷಯದಲ್ಲಿ ನಾನೂ ಬಾಯಿ ಮುಚ್ಚಿಕೊಳ್ಳುತ್ತೇನೆ. ಆದರೆ ಲೋನ್ ವಾದ ಒಪ್ಪಲ್ಲ. ಲೋನ್ ಮೇಲೆ ತರೋದು ಎಲ್ಲ ತಂಡಗಳೂ ಮಾಡುತ್ತವೆ. ತಂದ 5 ಜನರೂ ಆಡಿ ಗೆಲ್ಲಿಸಿದ್ದು ಎಷ್ಟು ತಂಡಗಳಲ್ಲಿ ನೋಡಿದ್ದೀರಿ? ಮತ್ತೆ ಯೇಟ್ಸ್, ವೊರಲ್, ಜಾನ್ಸನ್ ಮೂವರೂ ಅಲ್ಲೇ ಬೆಳೆದವರು. ಮೊದಲ 7 ಮ್ಯಾಚ್‌ಗಳಲ್ಲೂ ಅದೇ ಹುಡುಗರಿದ್ದರು. ಅವರ ಕಾಲು ಬದಲಾಗಲಿಲ್ಲ, ನಿಲ್ಲುವ ಜಾಗ ಬದಲಾಯಿತು.

ಇನ್ನೊಂದು, ಆ ಕ್ಲಬ್ ಎಲ್ಲಿಂದ ಬಿದ್ದಿತ್ತು ಅನ್ನೋದನ್ನೂ ಸೇರಿಸಿ. ಬ್ರಯನ್ ಕ್ಲಫ್ ಕಾಲದಲ್ಲಿ 1979 ಮತ್ತು 1980ರಲ್ಲಿ ಸಾಲಾಗಿ ಎರಡು ಯುರೋಪಿಯನ್ ಕಪ್ (ಈಗಿನ ಚಾಂಪಿಯನ್ಸ್ ಲೀಗ್) ಗೆದ್ದ ತಂಡ. 1999ರಲ್ಲಿ ಪ್ರೀಮಿಯರ್ ಲೀಗ್‌ನಿಂದ ಜಾರಿ, 2005ರಲ್ಲಿ ಮೂರನೇ ಹಂತಕ್ಕೇ ಬಿತ್ತು. ಯುರೋಪಿಯನ್ ಕಪ್ ಗೆದ್ದ ಯಾವ ತಂಡವೂ ಅದಕ್ಕೆ ಮೊದಲು ಅಷ್ಟು ಕೆಳಗೆ ಬಿದ್ದಿರಲಿಲ್ಲ. 23 ವರ್ಷ ಕಾದವರಿಗೆ ಬಾಡಿಗೆ ಮನೆ, ಸ್ವಂತ ಮನೆ ಅಂತ ಹೇಳೋಕೆ ಹೋಗಬೇಡಿ ಮಾಸ್ತರ್, ಹೊಡೆತ ಬೀಳುತ್ತೆ.

ಮಡಗಾಂವ್_ಟ್ರೇನ್

ನಾನು ಹುಬ್ಬಳ್ಳಿ ರೈಲ್ವೆ ಕ್ವಾರ್ಟರ್ಸ್‌ನಲ್ಲಿ ಬೆಳೆದವಳು. ಯಾರೂ ಹೇಳದ ಒಂದು ವಿಷಯ ಹೇಳುತ್ತೇನೆ. ಈ ಸ್ಟೀವ್ ಕೂಪರ್‌ರನ್ನು ನಾನು ಕಣ್ಣಾರೆ ನೋಡಿದ್ದೇನೆ!

2017ರಲ್ಲಿ ಅಂಡರ್-17 ವರ್ಲ್ಡ್ ಕಪ್ ನಮ್ಮ ದೇಶದಲ್ಲೇ ನಡೆಯಿತಲ್ವಾ. ಇಂಗ್ಲೆಂಡ್ ಹುಡುಗರ ಕೋಚ್ ಇದೇ ಕೂಪರ್. ಅವರ ಕ್ವಾರ್ಟರ್ ಫೈನಲ್ ಮಡಗಾಂವ್‌ನ ಫತೋರ್ಡಾ ಸ್ಟೇಡಿಯಂನಲ್ಲಿ, ಅಮೆರಿಕ ಎದುರು. ನಮ್ಮ ಅಪ್ಪನಿಗೆ ಫುಟ್‌ಬಾಲ್ ಹುಚ್ಚು. ಹುಬ್ಬಳ್ಳಿಯಿಂದ ಟ್ರೇನ್ ಹತ್ತಿ ಲೋಂಡಾ, ಕ್ಯಾಸಲ್‌ರಾಕ್ ದಾಟಿ ದೂಧಸಾಗರ ನೋಡಿಕೊಂಡು ಹೋದೆವು. ಬುತ್ತಿಯಲ್ಲಿ ರೊಟ್ಟಿ, ಶೇಂಗಾ ಚಟ್ನಿ. ಇಂಗ್ಲೆಂಡ್ 4-1 ಗೆದ್ದಿತು. ರಿಯಾನ್ ಬ್ರೂಸ್ಟರ್ ಮೂರು ಗೋಲ್, ಇನ್ನೊಂದು ಮಾರ್ಗನ್ ಗಿಬ್ಸ್-ವೈಟ್ ಹೊಡೆದಿದ್ದು. ಅಪ್ಪ ಆಟಗಾರರಿಗಿಂತ ಜಾಸ್ತಿ ಬೆಂಚ್ ಕಡೆ ನೋಡುತ್ತಿದ್ದರು. "ಈ ಮನುಷ್ಯ ಒಂದು ಸಲವೂ ಹುಡುಗರ ಮೇಲೆ ಕೂಗಲಿಲ್ಲ ನೋಡು" ಅಂದರು. ನನಗಾಗ ಹೆಸರೂ ಗೊತ್ತಿರಲಿಲ್ಲ.

ಫೈನಲ್ ಕೋಲ್ಕತ್ತಾದಲ್ಲಿ, ಸ್ಪೇನ್ ಎದುರು. ಅದನ್ನು ಟಿವಿಯಲ್ಲಿ ನೋಡಿದ್ದು. ಅರ್ಧ ಗಂಟೆ ಕಳೆಯುವಷ್ಟರಲ್ಲಿ 0-2 ಹಿಂದೆ. ಕೊನೆಗೆ ಗೆದ್ದಿದ್ದು 5-2! ಸಮ ಮಾಡಿದ ಎರಡನೇ ಗೋಲ್ ಗಿಬ್ಸ್-ವೈಟ್‌ನದ್ದು. ಫಿಲ್ ಫೋಡನ್ ಎರಡು ಹೊಡೆದ.

ಅದಕ್ಕೇ ಹೇಳಿದ್ದು, ಕೂಪರ್ ತಳದಲ್ಲಿದ್ದ ತಂಡ ಹಿಡಿದಾಗ ಅವರಿಗೆ ಹಿಂದೆ ಬಿದ್ದಿರೋದು ಹೊಸದಲ್ಲ. ಸೋಲಿನ ರುಚಿಯೂ ಹೊಸದಲ್ಲ. ಫಾರೆಸ್ಟ್‌ಗೆ ಬರುವ ನಾಲ್ಕು ತಿಂಗಳ ಮುಂಚೆ, ಮೇ 2021ರಲ್ಲಿ, ಇದೇ ಪ್ಲೇ-ಆಫ್ ಫೈನಲ್‌ನಲ್ಲಿ ಅವರ ಸ್ವಾನ್‌ಸಿ ಬ್ರೆಂಟ್‌ಫರ್ಡ್‌ಗೆ 0-2 ಸೋತಿತ್ತು.

ಗಿಬ್ಸ್-ವೈಟ್ ಕಥೆ ಇಲ್ಲಿಗೇ ಮುಗಿಯಲ್ಲ, ಅದನ್ನು ಗೋಲ್‌ಕೀಪರ್ ಯಾರಾದರೂ ಹೇಳಿದರೆ ಚೆಂದ.

ಹಾವೇರಿ_ಗ್ಲೋವ್ಸ್

ಅಕ್ಕಾರ, ಕರೆದಿದ್ದೀರಿ, ಬಂದೆ. ಎಲ್ಲರೂ ಬಲಗಡೆ ಸ್ಪೆನ್ಸ್, ಮುಂದೆ ಜಾನ್ಸನ್ ಅಂತ ಕುಣಿಯುತ್ತಾರೆ. ಗೋಲ್‌ಕೀಪರ್ ಹೆಸರು ಇಷ್ಟು ಹೊತ್ತು ಒಬ್ಬರೂ ತೆಗೆಯಲಿಲ್ಲ, ಇದು ನಮ್ಮ ಜಾತಕ.

ಬ್ರೀಸ್ ಸಾಂಬಾ. ಸೆಮಿಫೈನಲ್ ಶೆಫೀಲ್ಡ್ ಯುನೈಟೆಡ್ ಜೊತೆ. ಅವರ ಊರಲ್ಲಿ ಫಾರೆಸ್ಟ್ 2-1 ಗೆದ್ದಿತ್ತು, ಮನೆಗೆ ಬಂದು ಮೊದಲ ಗೋಲ್ ಕೂಡ ಹೊಡೆದರು, ಒಟ್ಟು 3-1. ಆಯ್ತು ಬಿಡು ಅಂದುಕೊಳ್ಳುವಷ್ಟರಲ್ಲಿ ಶೆಫೀಲ್ಡ್‌ನವರು ಎರಡು ಹೊಡೆದು 3-3 ಮಾಡಿದರು. ಅದರಲ್ಲಿ ಮೊದಲನೇದು ಹೊಡೆದವನು ಅಕ್ಕಾರು ಫತೋರ್ಡಾದಲ್ಲಿ ನೋಡಿದ ಅದೇ ಗಿಬ್ಸ್-ವೈಟ್. ಆ ವರ್ಷ ಅವನು ವುಲ್ವ್ಸ್‌ನಿಂದ ಶೆಫೀಲ್ಡ್‌ಗೆ ಲೋನ್ ಮೇಲೆ ಬಂದಿದ್ದ.

ಪೆನಾಲ್ಟಿ ಶುರುವಾಯಿತು. ಸಾಂಬಾ ಕೈಯಲ್ಲಿ ನೀರಿನ ಬಾಟಲಿ, ಅದರ ಮೇಲೆ ಯಾರು ಯಾವ ಕಡೆ ಹೊಡೆಯುತ್ತಾರೆ ಅನ್ನೋ ಚೀಟಿ. ಪ್ರತಿ ಸಲ ಬಾಟಲಿ ಎತ್ತಿ ಓದಿಕೊಂಡು ಲೈನ್ ಮೇಲೆ ಬಂದು ನಿಲ್ಲುವುದು. ಎದುರಿಗಿದ್ದವನಿಗೆ ಅದೇ ತಲೆ ಕೆಡಿಸುತ್ತೆ, ನನ್ನ ಬಗ್ಗೆ ಏನು ಬರೆದಿದ್ದಾನೋ ಅಂತ. ನಾರ್ವುಡ್‌ನದ್ದು ಹಿಡಿದ. ಹೌರಿಹೇನ್‌ನದ್ದು ಹಿಡಿದ. ಕೊನೆಗೆ ಗಿಬ್ಸ್-ವೈಟ್ ಬಂದ, ಅವನದ್ದೂ ಹಿಡಿದ. ಮೂರು! 3-2ಕ್ಕೆ ಫಾರೆಸ್ಟ್ ವೆಂಬ್ಲಿಗೆ. ನಾನು ಆ ವಿಡಿಯೋ ನೋಡಿದಾಗ ಒಂದು ವಿಷಯ ಗಮನಿಸಿದೆ, ಸಾಂಬಾ ಬೇಗ ಹಾರುವುದಿಲ್ಲ. ಹೊಡೆಯುವವನ ನಿಂತ ಕಾಲು ನೆಲಕ್ಕೆ ಊರುವವರೆಗೆ ಕಾಯುತ್ತಾನೆ. ನಮ್ಮ ಕಡೆ ಕೀಪರ್‌ಗಳು ಮೊದಲೇ ಒಂದು ಕಡೆ ಬಿದ್ದುಬಿಡುತ್ತಾರೆ, ಚೆಂಡು ಆರಾಮಾಗಿ ಇನ್ನೊಂದು ಕಡೆ ಹೋಗುತ್ತೆ.

ಅದಾದ ಮೇಲೆ ಜನ ಗ್ರೌಂಡ್‌ಗೆ ನುಗ್ಗಿದ್ದು ಮಾತ್ರ ಕೆಟ್ಟದಾಯಿತು. ಒಬ್ಬ ಶೆಫೀಲ್ಡ್‌ನ ಬಿಲ್ಲಿ ಶಾರ್ಪ್‌ಗೆ ಓಡಿ ಬಂದು ತಲೆಯಿಂದ ಗುದ್ದಿದ, ಜೈಲಿಗೂ ಹೋದ. ಖುಷಿ ಪಡೋಕೂ ಬುದ್ಧಿ ಬೇಕು.

ಫೈನಲ್‌ನಲ್ಲಿ ಇನ್ನೇನು ಮುಗಿಯಿತು ಅನ್ನುವಾಗ ಸಾಂಬಾಗೆ ಪೆಟ್ಟಾಯಿತು, ಈಥನ್ ಹೊರ್ವಾತ್ ಬಂದು ಕೊನೇ ನಿಮಿಷಗಳನ್ನು ಕಾದ. ಅದರ ಬಗ್ಗೆಯೂ ಯಾರೂ ಮಾತಾಡಲ್ಲ. ಆ ಗಳಿಗೆಯಲ್ಲಿ ತಣ್ಣಗಿನ ಕೈಯಲ್ಲಿ ಒಳಗೆ ಬಂದು ನಿಲ್ಲೋದು ಏನು ಅಂತ ಕೀಪರ್‌ಗೇ ಗೊತ್ತು. ಸಾಂಬಾ ಅದೇ ಬೇಸಿಗೆಯಲ್ಲಿ ಫ್ರಾನ್ಸ್‌ನ ಲಾನ್ಸ್‌ಗೆ ಹೊರಟುಹೋದ. ಪ್ರೀಮಿಯರ್ ಲೀಗ್‌ನಲ್ಲಿ ಫಾರೆಸ್ಟ್‌ಗೆ ಒಂದೂ ಮ್ಯಾಚ್ ಆಡಲಿಲ್ಲ. ಪೆನಾಲ್ಟಿ ಕಳೆದುಕೊಂಡ ಗಿಬ್ಸ್-ವೈಟ್ ಆಗಸ್ಟ್‌ನಲ್ಲಿ ಇಲ್ಲಿಗೇ ಬಂದು ಸೇರಿದ.

ಗದಗ_ಪಿಟಿ_ಮಾಸ್ತರ್

ಇದು ಒಳ್ಳೆ ಮಾತು. ಕೀಪರ್ ವಿಷಯದಲ್ಲಿ ಅದೃಷ್ಟ ಅನ್ನಲ್ಲ, ಬಾಟಲಿ ಮೇಲೆ ಚೀಟಿ ಅಂಟಿಸಿದವರು ಮನೆಪಾಠ ಮಾಡಿದವರು. ವಾಪಸ್ ತಗೊಳ್ಳಲ್ಲ ಆದರೂ, ಫೈನಲ್‌ನದ್ದು ಪೆನಾಲ್ಟಿಯೇ.

ಆಮೇಲೆ ಏನಾಯಿತು ಅಂತ ಹುಡುಗನಿಗೆ ಗೊತ್ತಿರಲಿ. ಮೊದಲ ವರ್ಷ 16ನೇ ಸ್ಥಾನ, ಕೂದಲೆಳೆಯಲ್ಲಿ ಉಳಿದರು. ಡಿಸೆಂಬರ್ 2023ರಲ್ಲಿ ಕೂಪರ್‌ರನ್ನೂ ತೆಗೆದರು. 23 ವರ್ಷದ ಕಾಯುವಿಕೆ ಮುಗಿಸಿದವರನ್ನು! ಅದೇ ಸೀಸನ್‌ನಲ್ಲಿ ಖರ್ಚಿನ ನಿಯಮ ಮೀರಿದ್ದಕ್ಕೆ 4 ಪಾಯಿಂಟ್ ಕಳೆದರು, 17ನೇ ಸ್ಥಾನಕ್ಕೆ ಬಂದು ನಿಂತರು. 2024-25ರಲ್ಲಿ ನೂನೊ ಎಸ್ಪಿರಿಟೊ ಸ್ಯಾಂಟೊ ಕೈಯಲ್ಲಿ 7ನೇ ಸ್ಥಾನ, ಯುರೋಪ್‌ಗೆ ಟಿಕೆಟ್. ಎಲ್ಲ ಖರ್ಚಿನ ಲೆಕ್ಕ ಆಮೇಲೆ ಬಂದೇ ಬಂತು ಅನ್ನೋದನ್ನು ಮರೆಯಬೇಡಿ.

ಧಾರವಾಡ_ಟ್ರೆಂಟ್

ಕೂಪರ್‌ರನ್ನು ತೆಗೆದಾಗ ಬೇಜಾರಾಗಿದ್ದು ನಿಜ, ಮಾಸ್ತರ್. ಅಭಿಮಾನಿಗಳು ಅವರ ಹೆಸರು ಕೂಗುವುದನ್ನು ಕೊನೇವರೆಗೂ ನಿಲ್ಲಿಸಲಿಲ್ಲ.

ಲೆಫ್ಟ್‌ಬ್ಯಾಕ್, ನಿನಗೆ ಒಂದು ಪ್ರಶ್ನೆ. ಏಳು ಜನರ ಆಟದಲ್ಲಿ ನೀವು ಹಿಂದೆ ಎಷ್ಟು ಜನ ನಿಲ್ಲುತ್ತೀರಿ? ಕೊನೇ ಐದು ನಿಮಿಷದಲ್ಲಿ ಗೋಲ್ ಬೀಳುತ್ತಿದೆ ಅಂದರೆ ಯಾರೋ ಇಬ್ಬರು ಮುಂದೆ ಹೋದವರು ವಾಪಸ್ ಓಡಿ ಬರುತ್ತಿಲ್ಲ ಅಂತ ನನ್ನ ಲೆಕ್ಕ.

ಲೆಫ್ಟ್‌ಬ್ಯಾಕ್_ಹುಬ್ಬಳ್ಳಿ

ಅಣ್ಣಾರ, ನಿಮ್ಮ ಲೆಕ್ಕ ಸರಿ ಇದೆ. ಹಿಂದೆ ಹೆಸರಿಗೆ ಇಬ್ಬರು. ನಾನು ಲೆಫ್ಟ್‌ಬ್ಯಾಕ್ ಅಂತ ಹೆಸರು ಇಟ್ಟುಕೊಂಡರೂ ಅರ್ಧ ಹೊತ್ತು ನಾನೊಬ್ಬನೇ. ಫೋಟೋ ಹಾಕಿದ ಹುಡುಗ ರೈಟ್‌ಬ್ಯಾಕ್, ಅವನು ಎದುರಿನವರ ಗೋಲ್ ಹತ್ತಿರ ನಿಂತು ಚೆಂಡು ಕೊಡ್ರಿ ಅಂತ ಕೈ ಎತ್ತಿರುತ್ತಾನೆ.

ಇದೆಲ್ಲ ಓದಿದ ಮೇಲೆ ರಾತ್ರಿ ಕಾಕಾಗೆ ಫೋನ್ ಮಾಡಿದೆ. ಹಿಂದೆ ಮೂವರನ್ನು ನಿಲ್ಲಿಸಿದರೆ ಹೇಗೆ ಕಾಕಾ ಅಂತ ಕೇಳಿದೆ. ಅವರು ನಕ್ಕರು. "ಲೀಗ್ ಶುರುವಾಗೋ ಮುಂಚೆಯಿಂದ ಅದನ್ನೇ ಹೇಳುತ್ತಿದ್ದೇನೆ, ನಿಮ್ಮಲ್ಲಿ ಒಬ್ಬರಾದರೂ ಹಿಂದೆ ನಿಲ್ಲೋಕೆ ತಯಾರಿದ್ದೀರೇನಪ್ಪಾ? ಎಲ್ಲರಿಗೂ ಗೋಲ್ ಹೊಡೆಯಬೇಕು" ಅಂದರು. ಫೋಟೋನೂ ನೋಡಿದ್ದಾರಂತೆ. "ಚೆನ್ನಾಗಿದೆ ಫೋಟೋ, ಕೆಂಪು ಜೆರ್ಸಿ" ಅಂದರು ಅಷ್ಟೇ.

ಇದನ್ನೆಲ್ಲ ಗ್ರೂಪ್‌ನಲ್ಲಿ ಹಾಕಿದ್ದೇನೆ, ಆ 7 ಸ್ಕೋರ್ ಸಮೇತ. ಫೋಟೋ ಹಾಕಿದವನು ಇನ್ನೂ ಉತ್ತರ ಕೊಟ್ಟಿಲ್ಲ, ನೀಲಿ ಟಿಕ್ ಬಂದಿದೆ.

ಮಡಗಾಂವ್_ಟ್ರೇನ್

ಕಾಕಾ ಅವರಿಗೆ ನನ್ನ ನಮಸ್ಕಾರ ಹೇಳು. ರೈಟ್‌ಬ್ಯಾಕ್‌ನನ್ನು ಬೈಯಬೇಡಿ, ಅವನಿಗೆ ಸ್ಪೆನ್ಸ್ ವಿಡಿಯೋ ತೋರಿಸಿ. ಹಿಂದೆ ಮೂವರು ನಿಂತರೆ ನೀನು ಮುಂದೆ ಹೋಗಬಹುದು, ಆದರೆ ಚೆಂಡು ಹೋದ ತಕ್ಷಣ ಸ್ಪೆನ್ಸ್ ಓಡಿದ ಹಾಗೆ ವಾಪಸ್ ಓಡಬೇಕು ಅಂತ ಹೇಳಿ. ಅವನಿಗೆ ಬೇಕಾಗಿದ್ದೂ ಸಿಗುತ್ತೆ.

ಲೆಫ್ಟ್‌ಬ್ಯಾಕ್_ಹುಬ್ಬಳ್ಳಿ

ಇದು ನನಗೆ ಹೊಳೆದಿರಲಿಲ್ಲ ಅಕ್ಕಾರ, ಹೇಳುತ್ತೇನೆ.

ಒಂದು ಸಮಸ್ಯೆ ಉಳಿದಿದೆ. ನಮ್ಮ ಕೀಪರ್ ಈ ಭಾನುವಾರ ಮದುವೆಗೆ ಹೋಗುತ್ತಿದ್ದಾನೆ, ಅವನ ಮಾವನ ಮಗಳ ಮದುವೆಯಂತೆ, ತಪ್ಪಿಸೋಕೆ ಆಗಲ್ಲ. ಹಾವೇರಿ ಗ್ಲೋವ್ಸ್ ಅಣ್ಣಾ, ಬರ್ತೀರಾ? ಮ್ಯಾಚ್ ಸಂಜೆ ಏಳಕ್ಕೆ.

ಹಾವೇರಿ_ಗ್ಲೋವ್ಸ್

ಬಸ್ ಚಾರ್ಜು, ಮ್ಯಾಚ್ ಆದಮೇಲೆ ಗಿರ್ಮಿಟ್ಟು-ಮಿರ್ಚಿ. ಇಷ್ಟಕ್ಕೆ ಒಪ್ಪಿದರೆ ಲೋನ್ ಮೇಲೆ ಬರುತ್ತೇನೆ. ಬಾಟಲಿ ನಾನೇ ತರುತ್ತೇನೆ, ಚೀಟಿ ನೀವು ಬರೆದಿಡಿ. ಎದುರು ತಂಡದಲ್ಲಿ ಪೆನಾಲ್ಟಿ ಯಾರು ಹೊಡೀತಾರೆ, ಎಡಗಾಲೋ ಬಲಗಾಲೋ ಅಷ್ಟು ಗೊತ್ತಾದರೂ ಸಾಕು.

ಗದಗ_ಪಿಟಿ_ಮಾಸ್ತರ್

ಮೊದಲು ನಿಮ್ಮ ಲೀಗ್ ನಿಯಮ ನೋಡಿಕೊಳ್ಳಿ, ಹೊರಗಿನ ಆಟಗಾರನನ್ನು ನಡುವೆ ಸೇರಿಸಬಹುದೋ ಇಲ್ಲವೋ ಅಂತ. ಗೆದ್ದ ಮೇಲೆ ಪಾಯಿಂಟ್ ಕಳೆದರೆ ಆಗ ಇಲ್ಲಿಗೆ ಬಂದು ಅಳಬೇಡಿ.

ಲೆಫ್ಟ್‌ಬ್ಯಾಕ್_ಹುಬ್ಬಳ್ಳಿ

ಕೇಳಿದೆ ಮಾಸ್ತರ್. ಶನಿವಾರ ಮಧ್ಯಾಹ್ನದೊಳಗೆ ಹೆಸರು ಕೊಟ್ಟರೆ ನಡೆಯುತ್ತಂತೆ. ಗ್ಲೋವ್ಸ್ ಅಣ್ಣಾ, ಆಧಾರ್ ಕಾರ್ಡ್ ಫೋಟೋ ಕೇಳುತ್ತಾರೆ, ಇಲ್ಲಿ ಹಾಕಬೇಡಿ, ಮೆಸೇಜ್‌ನಲ್ಲಿ ಕಳಿಸಿ.